ಲಿನಕ್ಸ್‌ಗೆಂದು ಸೆಕೆಂಡ್‌ಹ್ಯಾಂಡ್ ಲ್ಯಾಪ್‌ಟಾಪ್ ಆರಿಸಿದ್ದು ಹೀಗೆ

20,000 ರೂಪಾಯಿ ಇಟ್ಟುಕೊಂಡು ಹೊಸ ಲ್ಯಾಪ್‌ಟಾಪ್ ನೋಡಲು ಹೋದರೆ ಎದುರಿಗೆ ಬರುವುದು ಹೆಚ್ಚಾಗಿ ಸೆಲೆರಾನ್ ಪ್ರೊಸೆಸರ್, ಬೋರ್ಡಿಗೇ ಬೆಸುಗೆ ಹಾಕಿದ 4 ಜಿಬಿ ರ‍್ಯಾಮ್, 64 ಜಿಬಿ ಇಎಂಎಂಸಿ (ಎಸ್‌ಎಸ್‌ಡಿಗಿಂತ ನಿಧಾನದ, ಅಗ್ಗದ ಸ್ಟೋರೇಜ್). ವಿಂಡೋಸ್ ಬದಲಿಗೆ ಬಳಸಬಹುದಾದ ಉಚಿತ ಆಪರೇಟಿಂಗ್ ಸಿಸ್ಟಂ ಲಿನಕ್ಸ್ ಅದರ ಮೇಲೂ ಬೂಟ್ ಆಗುತ್ತದೆ. ಆದರೆ ಬ್ರೌಸರ್‌ನಲ್ಲಿ ಎಂಟು ಟ್ಯಾಬ್ ತೆರೆದ ಮೇಲೆ ಏದುಸಿರು ಬಿಡುತ್ತದೆ. ರ‍್ಯಾಮ್ ಹಾಕಿಸೋಣವೆಂದರೆ ಸ್ಲಾಟೇ ಇರುವುದಿಲ್ಲ. ಅದೇ ದುಡ್ಡಿನ ಆಸುಪಾಸಿನಲ್ಲಿ ಕಂಪನಿಗಳು ಕೆಲವು ವರ್ಷ ಬಳಸಿ ವಿಲೇವಾರಿ ಮಾಡಿದ ಬಿಸಿನೆಸ್ ಲ್ಯಾಪ್‌ಟಾಪ್ ಸಿಗುತ್ತದೆ. ಬೆಂಗಳೂರಿನ ಎಸ್.ಪಿ. ರೋಡಿನ ಅಂಗಡಿಗಳಲ್ಲಿ ಇಂಥ ಮಾಲಿಗೆ ಬರವಿಲ್ಲ. ನಾನು ಯಂತ್ರಕ್ಕೆ 18,000, ಆಮೇಲಿನ ಬ್ಯಾಟರಿ ಮತ್ತು ಎಸ್‌ಎಸ್‌ಡಿಗೆ 6,000 ಎಂದು ಮೊದಲೇ ಬೇರೆಬೇರೆ ತೆಗೆದಿಟ್ಟುಕೊಂಡೆ. ಈ ಎರಡನೆಯ ಮೊತ್ತವನ್ನು ಮರೆತವರೇ ಆಮೇಲೆ ಹಳೆ ಬ್ಯಾಟರಿಯನ್ನು ಬೈಯುತ್ತಾ ಕೂರುವುದು.

ಪ್ರೊಸೆಸರ್ ಎಷ್ಟು ಹಳೆಯದಿರಬಹುದು ಎನ್ನುವುದಕ್ಕೆ ನಾನು ಗೆರೆ ಎಳೆದದ್ದು ಇಂಟೆಲ್ 8ನೇ ತಲೆಮಾರಿನಲ್ಲಿ. 7ನೇ ತಲೆಮಾರಿನವರೆಗೆ ತೆಳು ಲ್ಯಾಪ್‌ಟಾಪಿನ ಐ5 ಎಂದರೆ ಎರಡೇ ಕೋರ್ (ಪ್ರೊಸೆಸರಿನೊಳಗೆ ಲೆಕ್ಕ ಮಾಡುವ ಘಟಕ), ಐ5-8250ಯುನಿಂದ ನಾಲ್ಕಾಯಿತು. ವಿಂಡೋಸ್ 11 ಕೂಡ ಹೆಚ್ಚುಕಡಿಮೆ ಇದೇ ಗೆರೆ ಎಳೆದಿದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿದ ಮೇಲೆ 6 ಮತ್ತು 7ನೇ ತಲೆಮಾರಿನ ಯಂತ್ರಗಳನ್ನು ಕೇಳುವವರು ಕಡಿಮೆ. ಅಗ್ಗಕ್ಕೆ ಸಿಗುತ್ತದೆಂದು ಆಸೆಯಾಗುವುದು ಸಹಜ. ಬರವಣಿಗೆ, ಮೇಲ್ ಇಷ್ಟೇ ಸಾಕಿದ್ದರೆ ತೊಂದರೆಯಿಲ್ಲ. ಕೋಡ್ ಕಂಪೈಲ್ ಮಾಡುವವರು, ಕಂಟೇನರ್ ಓಡಿಸುವವರು ಆ ಎರಡು ಕೋರ್‌ಗೋಸ್ಕರ ಇನ್ನೆರಡು ಸಾವಿರ ಹಾಕುವುದೇ ವಾಸಿ.

ಆಮೇಲೆ ಮಾಡೆಲ್. ಇಲ್ಲಿ ಒಂದೊಂದು ಅಕ್ಷರಕ್ಕೂ ಬೆಲೆಯಿದೆ. ಲೆನೊವೊ ಥಿಂಕ್‌ಪ್ಯಾಡ್ ಟಿ480ರಲ್ಲಿ ಎರಡು ರ‍್ಯಾಮ್ ಸ್ಲಾಟ್. ಪಕ್ಕದಲ್ಲೇ ಇರುವ ಟಿ480ಎಸ್ ತೆಳ್ಳಗೆ ಚೆಂದ, ಆದರೆ ಸ್ವಲ್ಪ ರ‍್ಯಾಮ್ ಬೋರ್ಡಿಗೆ ಅಂಟಿರುತ್ತದೆ, ಸ್ಲಾಟ್ ಒಂದೇ. ಎಕ್ಸ್280 ಮತ್ತು ಎಕ್ಸ್1 ಕಾರ್ಬನ್‌ಗಳಲ್ಲಿ ಪೂರ್ತಿ ಬೆಸುಗೆ. 8 ಜಿಬಿಯದು ಕೊಂಡರೆ ಕೊನೆಯವರೆಗೂ 8 ಜಿಬಿಯೇ. ಡೆಲ್ ಲ್ಯಾಟಿಟ್ಯೂಡ್ 7490, ಎಚ್‌ಪಿ ಎಲೈಟ್‌ಬುಕ್ 840 ಜಿ5 ಎರಡಕ್ಕೂ ಎರಡೆರಡು ಸ್ಲಾಟ್ ಇವೆ, ಅವೂ ಒಳ್ಳೆಯ ಆಯ್ಕೆಯೇ. ನಾನು ಆರಿಸಿದ್ದು ಟಿ480. ಹೊರಗಿನ ಬ್ಯಾಟರಿಯನ್ನು ಸ್ಕ್ರೂಡ್ರೈವರ್ ಇಲ್ಲದೆ ಕಳಚಬಹುದು ಎನ್ನುವುದೊಂದೇ ಕಾರಣಕ್ಕೆ. ಎಂಎಕ್ಸ್150 ಗ್ರಾಫಿಕ್ಸ್ ಇರುವ ಪೀಸ್ ತೋರಿಸಿ ಹೆಚ್ಚು ಹೇಳಿದರೆ ಬೇಡವೆಂದುಬಿಡಿ: ಎನ್‌ವಿಡಿಯಾ ಡ್ರೈವರಿನ ತಲೆನೋವು, ಬಿಸಿ, ಕಡಿಮೆ ಬ್ಯಾಟರಿ ಮೂರೂ ಒಟ್ಟಿಗೆ ಬರುತ್ತವೆ.

ಅಂಗಡಿಗೆ ಹೋಗುವ ಮುಂಚೆ ಪೆನ್‌ಡ್ರೈವ್ ತಯಾರು ಮಾಡಿಕೊಳ್ಳಬೇಕು. 16 ಜಿಬಿಯದು ಸಾಕು. ಪೆನ್‌ಡ್ರೈವ್‌ನಿಂದಲೇ ಬೂಟ್ ಮಾಡಿಸುವ ವೆಂಟಾಯ್ ತಂತ್ರಾಂಶ ಹಾಕಿ, ಅದರೊಳಗೆ ಲಿನಕ್ಸ್‌ನ ಒಂದು ಆವೃತ್ತಿಯಾದ ಲಿನಕ್ಸ್ ಮಿಂಟ್ 22 ಮತ್ತು ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86+ ಇವುಗಳ ಐಎಸ್‌ಒ ಫೈಲುಗಳನ್ನು ಸುಮ್ಮನೆ ಕಾಪಿ ಮಾಡಿದರೆ ಮುಗಿಯಿತು. ಅಂಗಡಿಯ ಹುಡುಗ ವಿಂಡೋಸ್ ತೋರಿಸಿ "ಎ-ಗ್ರೇಡ್ ಪೀಸ್ ಸಾರ್" ಎನ್ನುತ್ತಾನೆ. ಇರಲಿ, ಆಫ್ ಮಾಡಿಸಿ.

ಮೊದಲು ಬಯೋಸ್, ಅಂದರೆ ಯಂತ್ರ ಆನ್ ಆದೊಡನೆ ಒಂದು ಕೀ ಒತ್ತಿ ತೆರೆಯುವ ಸೆಟಿಂಗ್ ಪುಟ. ಥಿಂಕ್‌ಪ್ಯಾಡ್‌ಗೆ ಎಫ್1, ಡೆಲ್‌ಗೆ ಎಫ್2, ಎಚ್‌ಪಿಗೆ ಎಫ್10. ಪಾಸ್‌ವರ್ಡ್ ಕೇಳಿದರೆ ಅಲ್ಲಿಗೇ ವ್ಯಾಪಾರ ನಿಲ್ಲಿಸಿ. ಥಿಂಕ್‌ಪ್ಯಾಡಿನ ಸೂಪರ್‌ವೈಸರ್ ಪಾಸ್‌ವರ್ಡ್ ಬೋರ್ಡಿನ ಮೇಲಿನ ಪುಟ್ಟ ಸಿಮಾಸ್ ಬ್ಯಾಟರಿ ಕಿತ್ತರೆ ಹೋಗುವಂಥದ್ದಲ್ಲ, ಬೋರ್ಡಿನ ಚಿಪ್‌ನಲ್ಲಿ ಕೂತಿರುತ್ತದೆ. ಒಳಗೆ ಹೋಗಲು ಬಿಟ್ಟರೆ ಸೆಕ್ಯುರಿಟಿ ಪುಟದಲ್ಲಿ ಆಬ್ಸಲ್ಯೂಟ್ ಅಥವಾ ಕಂಪ್ಯೂಟ್ರೇಸ್ (ಕಳುವಾದ ಯಂತ್ರವನ್ನು ದೂರದಿಂದ ಪತ್ತೆಹಚ್ಚುವ ವ್ಯವಸ್ಥೆ) ಆಕ್ಟಿವೇಟ್ ಆಗಿದೆಯೇ ನೋಡಿ. ಆಗಿದ್ದರೆ ಹಳೆಯ ಕಂಪನಿ ಯಂತ್ರವನ್ನು ಇನ್ನೂ ಪೂರ್ತಿ ಬಿಟ್ಟುಕೊಡದೇ ಇರಬಹುದು. ಸೆಕ್ಯೂರ್ ಬೂಟ್ ಆಫ್ ಮಾಡಿ, ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ. ಬೂಟ್ ಮೆನುಗೆ ಥಿಂಕ್‌ಪ್ಯಾಡ್, ಡೆಲ್ ಎರಡಕ್ಕೂ ಎಫ್12; ಎಚ್‌ಪಿಗೆ ಎಫ್9.

ಪೆನ್‌ಡ್ರೈವ್‌ನಿಂದಲೇ ಓಡುವ ಲೈವ್ ಡೆಸ್ಕ್‌ಟಾಪ್ ಬಂದ ಮೇಲೆ ಫೋನಿನ ಹಾಟ್‌ಸ್ಪಾಟ್‌ಗೆ ವೈಫೈ ಸೇರಿಸಿ. ಇದೇ ವೈಫೈ ಪರೀಕ್ಷೆ. ಟರ್ಮಿನಲ್‌ನಲ್ಲಿ ಎಲ್‌ಎಸ್‌ಪಿಸಿಐ (ಒಳಗಿನ ಕಾರ್ಡುಗಳ ಪಟ್ಟಿ ಕೊಡುವ ಆಜ್ಞೆ) ಹೊಡೆದಾಗ ಇಂಟೆಲ್ 8265 ಅಥವಾ 9260 ಕಂಡರೆ ನೆಮ್ಮದಿ. ರಿಯಲ್‌ಟೆಕ್ ಆದರೆ ಕೆಲವು ಚಿಪ್‌ಗೆ ಡ್ರೈವರ್ ಹುಡುಕಬೇಕು, ಬ್ರಾಡ್‌ಕಾಮ್ ಆದರೆ ಎಷ್ಟೋ ಸಲ ಬೇರೆ ಪ್ಯಾಕೇಜು ಬೇಕು. ಕಾರ್ಡ್ ಬದಲಾಯಿಸುವುದಾದರೆ ಎಎಕ್ಸ್200 ಅಥವಾ ಎಎಕ್ಸ್210 ಕೇಳಿ. ಎಎಕ್ಸ್201 ನೋಡಲು ಹಾಗೇ ಇದ್ದರೂ ಅರ್ಧ ಕೆಲಸವನ್ನು ಪ್ರೊಸೆಸರ್ ಕಡೆಗೇ ಬಿಟ್ಟಿರುವ ಕಾರ್ಡ್, ಈ ಯಂತ್ರಗಳಿಗೆ ಆಗುವುದಿಲ್ಲ.

ಬ್ಯಾಟರಿಗೆ ಹೆಚ್ಚು ಹೊತ್ತು ಕೊಡಿ. ಟಿ480ರಲ್ಲಿ ಒಳಗೊಂದು 24 ವ್ಯಾಟ್-ಅವರ್ ಬ್ಯಾಟರಿ, ಹಿಂದೆ ಕಳಚುವಂಥದ್ದು ಇನ್ನೊಂದು. ಲಿನಕ್ಸ್‌ನಲ್ಲಿ ಇವು ಬ್ಯಾಟ್0, ಬ್ಯಾಟ್1. ಯುಪವರ್ ಎಂಬ ಆಜ್ಞೆಗೆ ಡಂಪ್ ಆಯ್ಕೆ ಕೊಟ್ಟರೆ ಎರಡರ ಲೆಕ್ಕವೂ ಬರುತ್ತದೆ. ಅದರಲ್ಲಿ ಕೆಪ್ಯಾಸಿಟಿ ಸಾಲು ನೋಡಿ. 75ಕ್ಕಿಂತ ಮೇಲಿದ್ದರೆ ಸಂತೋಷ, 60ಕ್ಕಿಂತ ಕೆಳಗಿದ್ದರೆ ಬ್ಯಾಟರಿಯೇ ಇಲ್ಲವೆಂದು ಲೆಕ್ಕ ಹಾಕಿ ಚೌಕಾಸಿ ಮಾಡಿ. ಸರಿಯಾಗಿ 100 ಎಂದು ತೋರಿಸಿದರೆ ಹಿಗ್ಗಬೇಡಿ. ಡೂಪ್ಲಿಕೇಟ್ ಬ್ಯಾಟರಿಗಳು ತಮ್ಮ ಬಗ್ಗೆ ಒಳ್ಳೆಯದನ್ನೇ ಹೇಳಿಕೊಳ್ಳುತ್ತವೆ. ಚಾರ್ಜರ್ ಕಿತ್ತು ಹದಿನೈದು ನಿಮಿಷ ಬಿಡಿ. 70ರಿಂದ ಒಮ್ಮೆಲೇ 35ಕ್ಕೆ ಧುಮುಕಿದರೆ ಬಣ್ಣ ಬಯಲಾಗುತ್ತದೆ.

ಆ ಹದಿನೈದು ನಿಮಿಷದಲ್ಲಿ ಸುಮ್ಮನಿರಬೇಕಿಲ್ಲ. ಡಿಸ್ಕಿನ ಆರೋಗ್ಯ ಹೇಳುವ ಸ್ಮಾರ್ಟ್‌ಸಿಟಿಎಲ್ ಆಜ್ಞೆಯಲ್ಲಿ ಎಸ್‌ಎಸ್‌ಡಿ ನೋಡಿ: ಎನ್‌ವಿಎಂಇ (ಹಳೆಯ ಸಾಟಾಗಿಂತ ವೇಗದ ಬಗೆ) ಆದರೆ ಪರ್ಸೆಂಟೇಜ್ ಯೂಸ್ಡ್ ಎಷ್ಟು, ಇಂಟೆಗ್ರಿಟಿ ಎರರ್ ಸೊನ್ನೆಯೇ. ಓಡಿದ ಗಂಟೆಗಳು ಸಾವಿರಾರು ಇದ್ದರೂ ಹೆದರಬೇಡಿ, ಎರರ್ ಒಂದಿದ್ದರೂ ಬೇಡ. ಟೆಕ್ಸ್ಟ್ ಎಡಿಟರ್ ತೆರೆದು ಪ್ರತಿಯೊಂದು ಕೀ ಒತ್ತಿ. ಪರದೆಯಲ್ಲಿ ಪೂರ್ತಿ ಬಿಳಿ, ಪೂರ್ತಿ ಕಪ್ಪು ಚಿತ್ರ ಹಾಕಿ ಕಲೆ ಹುಡುಕಿ. ರೆಸಲ್ಯೂಷನ್ 1366×768 ಆದರೆ ಬೇಡ, 1920×1080 ಇರುವ ಪೀಸೇ ಬೇಕು ಎನ್ನಿ. ಮುಚ್ಚಳ ಮುಚ್ಚಿ ಎರಡು ನಿಮಿಷ ಬಿಟ್ಟು ತೆರೆದಾಗ ವೈಫೈ, ಟಚ್‌ಪ್ಯಾಡ್ ಎರಡೂ ಎಚ್ಚರಗೊಳ್ಳಬೇಕು.

ಹೊರಗೆ ಕಾಣದ ಎರಡು ಕುತ್ತು ಇನ್ನೂ ಉಳಿದಿವೆ. ಒಂದು, ರ‍್ಯಾಮ್ ಸ್ಲಾಟ್. ಒಂದೇ 8 ಜಿಬಿ ಕಡ್ಡಿ ಹಾಕಿಕೊಡುವುದು ವಾಡಿಕೆ. ಖಾಲಿ ಸ್ಲಾಟ್ ಸತ್ತಿದ್ದರೂ ಯಂತ್ರದ ಬಿಡಿಭಾಗಗಳ ವಿವರ ಕೊಡುವ ಡಿಎಂಐಡಿಕೋಡ್ ಆಜ್ಞೆಯಲ್ಲಿ ಬರೀ ಖಾಲಿ ಎಂದೇ ಕಾಣಬಹುದು. ಕಡ್ಡಿಯನ್ನು ಆ ಸ್ಲಾಟ್‌ಗೆ ಬದಲಿಸಿ ಬೂಟ್ ಮಾಡಿಸಿಯೇ ನೋಡಬೇಕು. ಎರಡು, ಟಿ480ರ ಯುಎಸ್‌ಬಿ-ಸಿ. ಚಾರ್ಜಿಂಗ್ ನಡೆಯುವುದು ಇದರಲ್ಲೇ, ಪೋರ್ಟ್ ಬೋರ್ಡಿಗೆ ಬೆಸೆದದ್ದು. ಎರಡೂ ಸಿ ಪೋರ್ಟ್‌ಗಳಲ್ಲಿ ಚಾರ್ಜರ್ ಚುಚ್ಚಿ, ಮೆಲ್ಲಗೆ ಅಲುಗಾಡಿಸಿ. ಥಂಡರ್‌ಬೋಲ್ಟ್ (ಸಿ ಪೋರ್ಟಿನ ವೇಗದ ಸಂಪರ್ಕ) ಚಿಪ್‌ನೊಳಗಿನ ಹಳೆಯ ಫರ್ಮ್‌ವೇರಿನ ದೋಷದಿಂದಲೂ ಪೋರ್ಟ್ ಕೈಕೊಡುವುದುಂಟು. ಲೆನೊವೊ ಅದಕ್ಕೆ ಅಪ್‌ಡೇಟ್ ಕೊಟ್ಟಿದೆ, ಕೊಂಡ ದಿನವೇ ಹಾಕಿಬಿಡಿ. ಲ್ಯಾಟಿಟ್ಯೂಡ್ ಕೊಳ್ಳುವವರು ದುಂಡು ಪಿನ್ನಿನ ಚಾರ್ಜರ್ ನಡುವಿನ ಸಣ್ಣ ಸೂಜಿ ನೋಡಿ. ಅದು ಮುರಿದಿದ್ದರೆ ಯಂತ್ರಕ್ಕೆ ಚಾರ್ಜರ್ ಗುರುತು ಸಿಗದೆ ಬ್ಯಾಟರಿ ತುಂಬುವುದಿಲ್ಲ, ಪ್ರೊಸೆಸರ್ ವೇಗವೂ ಕುಸಿಯುತ್ತದೆ.

ಬಿಲ್ಲಿನ ಮೇಲೆ ಸೀರಿಯಲ್ ನಂಬರ್, ಬದಲಾಯಿಸಿಕೊಡುವ ದಿನಗಳು ಎರಡನ್ನೂ ಬರೆಸಿಕೊಳ್ಳಿ. ಆ ದಿನಗಳೊಳಗೆ ಮನೆಯಲ್ಲಿ ಒಂದು ರಾತ್ರಿ ಮೆಮ್‌ಟೆಸ್ಟ್ ಓಡಲಿ.

ಇನ್‌ಸ್ಟಾಲ್ ಮಾಡುವಾಗ ಡಿಸ್ಕೇ ಕಾಣದಿದ್ದರೆ ಗಾಬರಿಯಾಗಬೇಡಿ. ಬಯೋಸ್‌ನಲ್ಲಿ ಸ್ಟೋರೇಜ್ ವಿಧಾನ ರೇಡ್ ಎಂದಿರಬಹುದು, ಎಎಚ್‌ಸಿಐ ಎಂಬ ಆಯ್ಕೆಗೆ ಬದಲಿಸಿ. ಟಿ480ರಲ್ಲಿ ಸಾಟಾ ಕೇಬಲ್ ಬಂದಿದ್ದರೆ ಸಾಟಾ ಎಸ್‌ಎಸ್‌ಡಿಯನ್ನೇ ಕೊಳ್ಳಿ. ಎನ್‌ವಿಎಂಇಗೆ ಬೇರೆ ಕೇಬಲ್, ಬೇರೆ ಟ್ರೇ ಬೇಕಾಗುತ್ತದೆ. ತಳದ ಮುಚ್ಚಳ ಬಿಚ್ಚುವ ಮುಂಚೆ ಬಯೋಸ್‌ನ ಪವರ್ ಪುಟದಲ್ಲಿ ಒಳಬ್ಯಾಟರಿಯನ್ನು ಡಿಸೇಬಲ್ ಮಾಡುವ ಆಯ್ಕೆಯಿದೆ, ಅದನ್ನು ಒತ್ತಿ, ಹೊರಬ್ಯಾಟರಿ ಕಳಚಿಯೇ ಕೈ ಹಾಕಿ. ರ‍್ಯಾಮ್ ಎರಡು 8 ಜಿಬಿ ಕಡ್ಡಿಗಳಾಗಿರಲಿ, ಒಂದೇ 16 ಅಲ್ಲ. ಒಳಗಿನ ಗ್ರಾಫಿಕ್ಸ್ ರ‍್ಯಾಮನ್ನೇ ನೆಚ್ಚಿಕೊಂಡಿರುವುದರಿಂದ ಎರಡು ಚಾನೆಲ್‌ನ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ.

ಆಮೇಲೆ ವಿದ್ಯುತ್ ಉಳಿಸುವ ಟಿಎಲ್‌ಪಿ ತಂತ್ರಾಂಶ ಹಾಕಿ ಚಾರ್ಜನ್ನು ಶೇ. 75ಕ್ಕೆ ಶುರು, 80ಕ್ಕೆ ನಿಲುಗಡೆ ಎಂದು ಕಟ್ಟಿದೆ. ದಿನವಿಡೀ ಪ್ಲಗ್‌ನಲ್ಲೇ ಇರುವ ಯಂತ್ರಕ್ಕೆ ಇದು ಬೇಕೇ ಬೇಕು. ಕನ್ನಡಕ್ಕೆ ಫಾಂಟ್ಸ್-ಕೆಎನ್‌ಡಿಎ ಪ್ಯಾಕೇಜಿನಲ್ಲಿ ಗುಬ್ಬಿ, ನವಿಲು ಫಾಂಟ್‌ಗಳು ಬರುತ್ತವೆ, ಐಬಸ್-ಎಂ17ಎನ್ ಹಾಕಿದರೆ ಕಗಪ ಕೀಲಿಮಣೆ ವಿನ್ಯಾಸ ಸಿಗುತ್ತದೆ. ಬೆರಳಚ್ಚು ರೀಡರ್‌ಗೆ ಟಿ480ರಲ್ಲಿ ಪೈಥಾನ್-ವ್ಯಾಲಿಡಿಟಿ ಎಂಬ ಹೊರಗಿನ ಡ್ರೈವರ್ ಬೇಕು. ಅದನ್ನು ಕೂರಿಸುವಷ್ಟು ತಾಳ್ಮೆ ನನಗಿರಲಿಲ್ಲ, ಪಾಸ್‌ವರ್ಡ್ ಹೊಡೆದೇ ಒಳಗೆ ಹೋಗುತ್ತೇನೆ.