ಬ್ರಿಟನ್ನಿನಲ್ಲಿ ಎಂ.ಆರ್ಕ್ ಸೇರುವ ಮುಂಚೆ: ಯಾವ ಎಂ.ಆರ್ಕ್ ಅಂತ ಕೇಳಿಕೊಳ್ಳಿ

ಪ್ರತಿ ಸೆಪ್ಟೆಂಬರಿನಲ್ಲೂ ಬಿ.ಆರ್ಕ್, ಅಂದರೆ ಆರ್ಕಿಟೆಕ್ಚರ್ ಪದವಿ, ಮುಗಿಸಿದ ನಮ್ಮ ಹುಡುಗ ಹುಡುಗಿಯರು ಬ್ರಿಟನ್ನಿಗೆ ಬಂದಿಳಿಯುತ್ತಾರೆ. ಐಇಎಲ್‌ಟಿಎಸ್, ವೀಸಾ, ಬಾಡಿಗೆ ರೂಮು ಎಲ್ಲ ವಿಚಾರಿಸಿಕೊಂಡೇ ಬಂದಿರುತ್ತಾರೆ. ತಾವು ಸೇರಿದ ಎಂ.ಆರ್ಕ್ ಯಾವ ಬಗೆಯದು ಅನ್ನುವುದು ಮಾತ್ರ ಗೊತ್ತಾಗುವ ಹೊತ್ತಿಗೆ ಮುಂದಿನ ಬೇಸಿಗೆ ಬಂದಿರುತ್ತದೆ, ಫೀಸು ಪೂರ್ತಿ ಕಟ್ಟಿಯಾಗಿರುತ್ತದೆ.

ಊರಿನ, ಅಂದರೆ ಭಾರತದ, ಲೆಕ್ಕ ಸರಳ. ಐದು ವರ್ಷದ ಬಿ.ಆರ್ಕ್, ಆಮೇಲೆ 1972ರ ಕಾಯ್ದೆಯಡಿ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ನಲ್ಲಿ ನೋಂದಣಿ. ಎಂ.ಆರ್ಕ್ ಬೇಕಿದ್ದವರು ಮಾಡಿಕೊಳ್ಳುವ ಹೆಚ್ಚಿನ ಓದು. ಬ್ರಿಟನ್ನಿನಲ್ಲಿ ಮೂರು ಮೆಟ್ಟಿಲು. ಪಾರ್ಟ್ 1 ಮೂರು ವರ್ಷದ ಪದವಿ. ಪಾರ್ಟ್ 2 ಸಾಮಾನ್ಯವಾಗಿ ಎರಡು ವರ್ಷದ್ದು. ಪಾರ್ಟ್ 3 ಆಫೀಸಿನ ಅನುಭವದ ಜೊತೆಗೆ ಕಾನೂನು, ಕರಾರು, ವೃತ್ತಿ ನಡವಳಿಕೆಯ ಪರೀಕ್ಷೆ. ಮೂರೂ ಮುಗಿದ ಮೇಲೆ ಆರ್ಕಿಟೆಕ್ಟ್ಸ್ ರಿಜಿಸ್ಟ್ರೇಶನ್ ಬೋರ್ಡ್, ಅಂದರೆ ಎಆರ್‌ಬಿ, ನಿಮ್ಮ ಹೆಸರು ಬರೆದುಕೊಳ್ಳುತ್ತದೆ.

ಎಡವುವುದು ಇಲ್ಲೇ. ಎಂ.ಆರ್ಕ್ ಅನ್ನುವ ಹೆಸರಿಗೆ ಈ ದೇಶದಲ್ಲಿ ಒಂದೇ ಅರ್ಥವಿಲ್ಲ. ಪಾರ್ಟ್ 2 ಆಗಿ ಎಣಿಕೆಯಾಗುವ ಎರಡು ವರ್ಷದ ಕೋರ್ಸಿಗೂ ಅದೇ ಹೆಸರು, ನೋಂದಣಿಗೆ ಸಂಬಂಧವೇ ಇಲ್ಲದ ಒಂದು ವರ್ಷದ ವಿನ್ಯಾಸ ಕೋರ್ಸಿಗೂ ಅದೇ ಹೆಸರು. ಎರಡೂ ಒಂದೇ ಕಟ್ಟಡದಲ್ಲಿ ನಡೆಯಬಹುದು. ಲಂಡನ್ನಿನ ವಿಶ್ವವಿದ್ಯಾಲಯ ಯುಸಿಎಲ್‌ನ ಬಾರ್ಟ್ಲೆಟ್ ಶಾಲೆಯನ್ನೇ ನೋಡಿ: 'ಆರ್ಕಿಟೆಕ್ಚರ್ ಎಂ.ಆರ್ಕ್' ಪಾರ್ಟ್ 2, 'ಆರ್ಕಿಟೆಕ್ಚರಲ್ ಡಿಸೈನ್ ಎಂ.ಆರ್ಕ್' ಒಂದು ವರ್ಷದ ಬೇರೆಯೇ ಕೋರ್ಸು. ಶಾಲೆ ಏನನ್ನೂ ಮುಚ್ಚಿಟ್ಟಿಲ್ಲ, ಪುಟದಲ್ಲೇ ಬರೆದಿದೆ. ಆದರೆ ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಕೂತು ಓದುವವರಿಗೆ ಒಂದೇ ವರ್ಷ, ಕಡಿಮೆ ಖರ್ಚು ಅನ್ನುವುದಷ್ಟೇ ಕಣ್ಣಿಗೆ ಬೀಳುತ್ತದೆ. ಕೆಲವು ಏಜೆಂಟರು ಹೇಳುವುದೂ ಅಷ್ಟನ್ನೇ.

ಹೋದ ಹಣಕ್ಕಿಂತ ಹೋದ ಕಾಲದ ಪೆಟ್ಟು ದೊಡ್ಡದು. ಕೋರ್ಸು ಮುಗಿದ ಮೇಲಿನ ಗ್ರ್ಯಾಜುಯೇಟ್ ವೀಸಾ 2026ರ ಕೊನೆಯೊಳಗೆ ಅರ್ಜಿ ಹಾಕಿದವರಿಗೆ ಎರಡು ವರ್ಷ, 2027ರ ಜನವರಿ 1ರಿಂದ ಹಾಕುವವರಿಗೆ 18 ತಿಂಗಳು. ಅಷ್ಟರೊಳಗೆ ಸ್ಪಾನ್ಸರ್ ಮಾಡುವ ಆಫೀಸು ಸಿಗಬೇಕು. ಸ್ಕಿಲ್ಡ್ ವರ್ಕರ್ ವೀಸಾದ ಸಾಮಾನ್ಯ ಸಂಬಳ ಮಿತಿ 2025ರ ಜುಲೈಯಿಂದ ವರ್ಷಕ್ಕೆ 41,700 ಪೌಂಡು. ಹೊಸದಾಗಿ ಕೆಲಸಕ್ಕೆ ಸೇರುವವರಿಗೆ ರಿಯಾಯಿತಿ ಸಿಕ್ಕರೂ 33,400ಕ್ಕಿಂತ ಕೆಳಗಿಳಿಯುವುದಿಲ್ಲ. ಪಾರ್ಟ್ 2 ಇಲ್ಲದವರನ್ನು ಆಫೀಸುಗಳು ಪಾರ್ಟ್ 1 ಅಸಿಸ್ಟೆಂಟ್ ದರದಲ್ಲಿ ತೆಗೆದುಕೊಳ್ಳುವುದೇ ಹೆಚ್ಚು, ಆ ಸಂಬಳ ಈ ಮಿತಿಯನ್ನು ಮುಟ್ಟುವುದು ಕಷ್ಟ. ಸರಿ, ಮತ್ತೆ ಎರಡು ವರ್ಷದ ಎಂ.ಆರ್ಕ್ ಸೇರೋಣವೆಂದರೆ ಅದೂ ಅದೇ ಮಟ್ಟದ ಓದು. ಸ್ಟೂಡೆಂಟ್ ವೀಸಾದಲ್ಲಿ ಮುಂದಿನ ಕೋರ್ಸು ಮೇಲಿನ ಮಟ್ಟದ್ದಾಗಿರಬೇಕು. ಅದೇ ಮಟ್ಟದ್ದಾದರೆ ಹಿಂದಿನ ಓದಿಗೋ ನಿಮ್ಮ ವೃತ್ತಿಯ ಗುರಿಗೋ ಹೇಗೆ ಹೊಂದುತ್ತದೆ ಎಂದು ವಿಶ್ವವಿದ್ಯಾಲಯ ಖಾತ್ರಿ ಕೊಡಬೇಕು. ಎಲ್ಲ ವಿಶ್ವವಿದ್ಯಾಲಯಗಳೂ ಅದಕ್ಕೆ ಒಪ್ಪುವುದಿಲ್ಲ.

ಹಾಗಾಗಿ ಅರ್ಜಿ ಶುಲ್ಕ ಕಟ್ಟುವ ಮುಂಚೆ ಎಆರ್‌ಬಿ ಜಾಲತಾಣದಲ್ಲಿ ಮಾನ್ಯತೆ ಪಡೆದ ಪದವಿಗಳ ಪಟ್ಟಿ ತೆರೆಯಿರಿ. ಶಾಲೆಯ ಹೆಸರು ಸಿಕ್ಕಿತೆಂದು ಅಲ್ಲಿಗೇ ನಿಲ್ಲಬೇಡಿ. ಪದವಿಯ ಪೂರ್ತಿ ಹೆಸರು ಅಕ್ಷರ ಅಕ್ಷರ ಹೊಂದಬೇಕು, ಮಾನ್ಯತೆಯ ಅವಧಿಯೊಳಗೆ ನಿಮ್ಮ ಕೋರ್ಸು ಬರಬೇಕು. ಆರ್‌ಐಬಿಎ (ರಾಯಲ್ ಇನ್‌ಸ್ಟಿಟ್ಯೂಟ್ ಆಫ್ ಬ್ರಿಟಿಷ್ ಆರ್ಕಿಟೆಕ್ಟ್ಸ್) ಮುದ್ರೆ ನೋಡಿ ಸಮಾಧಾನಪಡುವುದು ಇನ್ನೊಂದು ತಪ್ಪು. ಆರ್‌ಐಬಿಎ ವೃತ್ತಿಪರರ ಸಂಘ. ಹೊರದೇಶದ ಕೋರ್ಸುಗಳಿಗೂ ಅದು ಮನ್ನಣೆ ಕೊಡುತ್ತದೆ. ನೋಂದಣಿಯ ಬಾಗಿಲು ತೆಗೆಯುವುದು ಎಆರ್‌ಬಿ.

ಇನ್ನೊಂದು ತೊಡಕಿದೆ. ನಮ್ಮ ಬಿ.ಆರ್ಕ್ ತಾನಾಗಿ ಪಾರ್ಟ್ 1 ಆಗುವುದಿಲ್ಲ. ಬಿ.ಆರ್ಕ್ ನೋಡಿ ಶಾಲೆ ಪಾರ್ಟ್ 2ಕ್ಕೆ ಸೇರಿಸಿಕೊಂಡರೂ ಹಳೆಯ ಪದ್ಧತಿಯಲ್ಲಿ ಪಾರ್ಟ್ 1ರ ಜಾಗ ಖಾಲಿಯೇ ಉಳಿಯುತ್ತಿತ್ತು, ಅದನ್ನು ತುಂಬಲು ಎಆರ್‌ಬಿಯ ಪರೀಕ್ಷೆಗೆ ಬೇರೆಯಾಗಿ ಕೂರಬೇಕಿತ್ತು. ಎಆರ್‌ಬಿ ಈಗ ಈ ಮೂರು ಮೆಟ್ಟಿಲಿನ ಕ್ರಮವನ್ನೇ ಬದಲಿಸುತ್ತಿದೆ; ಮುಂದೆ ಮಾಸ್ಟರ್ಸ್ ಮಟ್ಟದ ಓದು ಮತ್ತು ಕೆಲಸದ ಅನುಭವ ಇವೆರಡೇ ಮುಖ್ಯ. ಬದಲಾವಣೆಯ ಈ ನಡುಗಾಲದಲ್ಲಿ ಸೇರುವವರು 'ನನ್ನ ಬ್ಯಾಚಿಗೆ ಯಾವ ನಿಯಮ, ನನ್ನ ಬಿ.ಆರ್ಕ್‌ನೊಂದಿಗೆ ಈ ಪದವಿ ನೋಂದಣಿಗೆ ಸಾಕೇ' ಎಂದು ಶಾಲೆಗೂ ಎಆರ್‌ಬಿಗೂ ಇಮೇಲ್ ಬರೆದು, ಉತ್ತರವನ್ನು ಜೋಪಾನವಾಗಿ ಇಟ್ಟುಕೊಳ್ಳಿ. ಫೋನಿನಲ್ಲಿ ಸಿಕ್ಕ ಭರವಸೆಯನ್ನು ಮುಂದೆ ಯಾರೂ ಒಪ್ಪುವುದಿಲ್ಲ.

ಒಂದು ವರ್ಷದ ಎಂ.ಆರ್ಕ್ ಯಾರಿಗೂ ಬೇಡವೆಂದಲ್ಲ. ಊರಿಗೆ ವಾಪಸಾಗಿ ಆಫೀಸು ನಡೆಸುವವರಿಗೆ, ರೋಬೋಟಿಕ್ ಫ್ಯಾಬ್ರಿಕೇಶನ್, ಕಂಪ್ಯೂಟೇಶನಲ್ ವಿನ್ಯಾಸ ಕಲಿತು ಪಾಠ ಹೇಳುವವರಿಗೆ ಅದು ಒಳ್ಳೆಯ ಓದು. ಇಲ್ಲೇ ನಿಲ್ಲುವ ಆಸೆಯಿದ್ದವರು ಮಾತ್ರ ಅದನ್ನು ಪಾರ್ಟ್ 2 ಅಂದುಕೊಂಡು ಸೇರಬಾರದು.

ಊರಿನ ನೋಂದಣಿ ಇದೆಯೆಂದು ಇಲ್ಲಿ ಕಾರ್ಡಿನ ಮೇಲೆ ಆರ್ಕಿಟೆಕ್ಟ್ ಅಂತ ಹಾಕಿಸಿ ಕೆಲಸ ಹಿಡಿಯಬೇಡಿ. 1997ರ ಆರ್ಕಿಟೆಕ್ಟ್ಸ್ ಆ್ಯಕ್ಟ್ ಪ್ರಕಾರ ಎಆರ್‌ಬಿ ಪಟ್ಟಿಯಲ್ಲಿಲ್ಲದವರು ಆ ಹೆಸರಿನಲ್ಲಿ ವೃತ್ತಿ ನಡೆಸುವುದು ಅಪರಾಧ. ಅಸಿಸ್ಟೆಂಟ್, ಡಿಸೈನರ್ ಅನ್ನಬಹುದು. ಎರಡು ಪದ್ಧತಿಗಳಲ್ಲಿ ಯಾವುದು ವಾಸಿ ಎಂದು ಕೇಳಿದರೆ, ಪಾರ್ಟ್ 3ರ ವಿಷಯದಲ್ಲಿ ಬ್ರಿಟನ್ನೇ ವಾಸಿ. ಕರಾರು ಓದಲು ಬಾರದವರ ಕೈಗೆ ಕಟ್ಟಡ ಕೊಡಬಾರದು. ಪದವಿಗೆ ಹೆಸರಿಡುವ ವಿಷಯದಲ್ಲಿ ನಮ್ಮದೇ ವಾಸಿ. ಅಲ್ಲಿ ಮೋಸಹೋಗುವ ಸಂದರ್ಭವೇ ಬರುವುದಿಲ್ಲ.

ಪೋರ್ಟ್‌ಫೋಲಿಯೋ ಬಗ್ಗೆ ಒಂದೇ ಮಾತು. ಹೊಳೆಯುವ ರೆಂಡರ್‌ಗಳನ್ನು ಕಡಿಮೆ ಮಾಡಿ, ಯೋಚನೆ ಬೆಳೆದ ಬಗೆ ತೋರಿಸುವ ಸ್ಕೆಚ್, ಮಾದರಿ, ಸೆಕ್ಷನ್ ಇಡಿ. ದೇವಸ್ಥಾನವನ್ನೋ ತೊಟ್ಟಿಮನೆಯನ್ನೋ ಅಳೆದು ಬರೆದ ನಕ್ಷೆಗಳಿದ್ದರೆ ಖಂಡಿತ ಸೇರಿಸಿ. ಗುಂಪಿನ ಕೆಲಸದಲ್ಲಿ ನಿಮ್ಮ ಪಾಲು ಎಷ್ಟೆಂದು ಪುಟದಲ್ಲೇ ಬರೆಯಿರಿ.

ಆರ್ಕಿಟೆಕ್ಚರ್ ಬಿಟ್ಟು ಪುರಾತತ್ವದ ಕಡೆ ಹೋಗಬಯಸುವವರಿಗೂ ಒಂದು ಮಾತು. ಹಳೆಯ ಕಟ್ಟಡಗಳ ಮೇಲೆ ಮನಸ್ಸಿರುವ ಬಿ.ಆರ್ಕ್‌ನವರಿಗೆ ಯಾರ್ಕ್ ವಿಶ್ವವಿದ್ಯಾಲಯದ ಕಡೆ ನೋಡಿ ಎನ್ನುತ್ತೇವೆ. ಕಟ್ಟಡಗಳ ಪುರಾತತ್ವ ಅಲ್ಲಿ ಬಹುಕಾಲದ ವಿಷಯ. ರಸಾಯನಶಾಸ್ತ್ರ, ಭೂವಿಜ್ಞಾನ, ಸಸ್ಯಶಾಸ್ತ್ರ ಓದಿದವರಿಗೆ ಪುರಾತತ್ವ ವಿಜ್ಞಾನದ ಒಂದು ವರ್ಷದ ಎಂ.ಎಸ್ಸಿ ಇದೆ. ಆಕ್ಸ್‌ಫರ್ಡಿನಲ್ಲಿ ಕಾಲನಿರ್ಣಯ, ಐಸೋಟೋಪ್. ಯುಸಿಎಲ್‌ನಲ್ಲಿ ಲೋಹ, ಮಡಕೆ, ಸಸ್ಯಾವಶೇಷ. ಯಾರ್ಕ್‌ನಲ್ಲಿ ಮೂಳೆ, ಪ್ರೋಟೀನು. ಇಲ್ಲಿ ನೋಂದಣಿಯ ಕಾಟವಿಲ್ಲ, ಪುರಾತತ್ವಜ್ಞ ಅನ್ನುವ ಹೆಸರಿಗೆ ಕಾನೂನಿನ ಬೇಲಿಯಿಲ್ಲ. ಕೆಲಸ ಕೊಡುವವರು ಕೇಳುವುದು ಯಾವ ಉಪಕರಣದ ಮೇಲೆ ಎಷ್ಟು ಮಾದರಿ ಪರೀಕ್ಷಿಸಿದ್ದೀರಿ ಎಂದು. ಆದ್ದರಿಂದ ವಿಶ್ವವಿದ್ಯಾಲಯದ ಹೆಸರಿಗಿಂತ ಪ್ರಯೋಗಾಲಯ ಮುಖ್ಯ. ಹೋಲಿಸಿ ನೋಡಲು ಮೂಳೆ, ಬೀಜಗಳ ಸಂಗ್ರಹ ಅಲ್ಲಿದೆಯೇ, ವಿಶ್ಲೇಷಣೆಯ ಖರ್ಚು ಯಾರು ಕೊಡುತ್ತಾರೆ ಎಂದು ಮೊದಲೇ ಕೇಳಿ.

ನಮ್ಮವರು ಇಲ್ಲಿ ಮಾಡುವ ತಪ್ಪು ಒಂದೇ. ಕರ್ನಾಟಕದ ನೆಲೆಯೊಂದರಿಂದ ಮಾದರಿ ತಂದು ಪ್ರಬಂಧ ಬರೆಯುತ್ತೇನೆ ಎಂದು ಅರ್ಜಿಯಲ್ಲಿ ಬರೆಯುತ್ತಾರೆ. ಪ್ರಬಂಧಕ್ಕೆ ಸಿಗುವುದು ಬೇಸಿಗೆಯ ಮೂರು ತಿಂಗಳ ಆಸುಪಾಸು. 1972ರ ಪ್ರಾಚ್ಯವಸ್ತು ಕಾಯ್ದೆಯಡಿ ಖಾಸಗಿಯವರು ಪ್ರಾಚ್ಯವಸ್ತುವನ್ನು ದೇಶದಿಂದ ಹೊರಗೆ ಕಳಿಸುವಂತಿಲ್ಲ, ಉತ್ಖನನದ ಮಾದರಿಗೂ ಅಧಿಕೃತ ಒಪ್ಪಿಗೆ ಬೇಕು. ಆ ಕಾಗದ ಓಡಾಡುವಷ್ಟರಲ್ಲಿ ಕೋರ್ಸೇ ಮುಗಿದಿರುತ್ತದೆ. ದಕ್ಷಿಣದ ನವಶಿಲಾಯುಗದ ಜನ ಕೊರಲೆ, ಹುರುಳಿ, ಹೆಸರು ಬೆಳೆಯುತ್ತಿದ್ದರೆಂದು ತೋರಿಸಿದ ಕೆಲಸದಲ್ಲಿ ಯುಸಿಎಲ್‌ನ ಡೋರಿಯನ್ ಫುಲ್ಲರ್ ಅವರೂ ಧಾರವಾಡದ ರವಿ ಕೋರಿಶೆಟ್ಟರ್ ಅವರೂ ಜೊತೆಗಿದ್ದರು. ಅದರ ಹಿಂದಿದ್ದದ್ದು ವರ್ಷಗಟ್ಟಲೆಯ ಸಹಯೋಗ. ಅರ್ಜಿ ಹಾಕುವ ಮೊದಲೇ ಮಾರ್ಗದರ್ಶಕರಿಗೆ ಬರೆದು, ಪ್ರಯೋಗಾಲಯದಲ್ಲಿ ಈಗಾಗಲೇ ಇರುವ, ಒಪ್ಪಿಗೆ ಸಿಕ್ಕಿರುವ ಮಾದರಿಗಳಲ್ಲಿ ಯಾವುದರ ಮೇಲೆ ಕೆಲಸ ಮಾಡಬಹುದು ಎಂದು ಕೇಳಿ. ಬಳ್ಳಾರಿ ಬಳಿಯ ನವಶಿಲಾಯುಗದ ನೆಲೆ ಸಂಗನಕಲ್ಲಿನ ಬೂದಿಯನ್ನು ಪಿಎಚ್.ಡಿಗೆ ಇಟ್ಟುಕೊಳ್ಳಿ.