ಸೋಬಾನೆ ಪದಗಳ ದಾಖಲೆಗೆ ಡಿಸ್ಕ್ ಕ್ಯಾಮ್‌ಕಾರ್ಡರ್: ನನ್ನ ಅನುಭವ

ಮಂಡ್ಯದ ಸೀಮೆಯ ಹಳ್ಳಿಗಳಲ್ಲಿ ಸೋಬಾನೆ ಪದ ಹಾಡುವ ಹಿರಿಯ ಹೆಂಗಸರನ್ನು ವಿಡಿಯೊದಲ್ಲಿ ದಾಖಲಿಸಲು ನಾನು ಹಲವು ವರ್ಷ ಬಳಸಿದ್ದು ಸೋನಿಯ ಎಚ್‌ಡಿಆರ್-ಯುಎಕ್ಸ್7ಇ ಹ್ಯಾಂಡಿಕ್ಯಾಮ್. 2007ರಲ್ಲಿ ಬಂದ ಈ ಕ್ಯಾಮರಾ ಟೇಪಿನ ಬದಲು 8 ಸೆಂಟಿಮೀಟರ್ ಅಳತೆಯ ಪುಟ್ಟ ಡಿವಿಡಿಯ ಮೇಲೆ ಹೈ ಡೆಫಿನಿಷನ್ ವಿಡಿಯೊ ಬರೆಯುತ್ತದೆ. ಇಂತಹ ಕ್ಯಾಮರಾಗಳು ಈಗ ತಯಾರಾಗುತ್ತಿಲ್ಲ. ಆದರೆ ಅನೇಕ ಮನೆಗಳಲ್ಲಿ, ಕಾಲೇಜುಗಳ ಬೀರುಗಳಲ್ಲಿ ಇವು ಮತ್ತು ಇವುಗಳಲ್ಲಿ ತೆಗೆದ ಡಿಸ್ಕುಗಳು ಇನ್ನೂ ಉಳಿದಿವೆ. ಅಂಥವರಿಗೆ ಉಪಯೋಗವಾಗಲೆಂದು, ಇದರ ಯಾವ ಸೌಲಭ್ಯ ನಿಜವಾಗಿ ಕೆಲಸಕ್ಕೆ ಬಂತು, ಯಾವುದು ಬರಲಿಲ್ಲ ಎಂಬುದನ್ನು ಇಲ್ಲಿ ಬರೆದಿದ್ದೇನೆ.

ಮೊದಲು ಡಿಸ್ಕಿನ ಲೆಕ್ಕ ತಿಳಿದಿರಬೇಕು, ಏಕೆಂದರೆ ಈ ಕ್ಯಾಮರಾದಲ್ಲಿ ಉಳಿದೆಲ್ಲವೂ ಅದನ್ನೇ ಅವಲಂಬಿಸಿದೆ. 8 ಸೆಂಟಿಮೀಟರಿನ ಒಂದು ಪದರದ ಡಿವಿಡಿಯಲ್ಲಿ ಹಿಡಿಯುವುದು 1.4 ಗಿಗಾಬೈಟ್, ಎರಡು ಪದರದ್ದರಲ್ಲಿ 2.6 ಗಿಗಾಬೈಟ್. ಇಷ್ಟು ಸಣ್ಣ ಜಾಗದಲ್ಲಿ ಎಚ್‌ಡಿ ಚಿತ್ರವನ್ನು ತುಂಬಿಸಲು ಸಾಧ್ಯವಾದದ್ದು ಎವಿಸಿಎಚ್‌ಡಿ ಎಂಬ ಮಾದರಿಯಿಂದ. ಸೋನಿ ಮತ್ತು ಪ್ಯಾನಸೋನಿಕ್ ಕಂಪನಿಗಳು 2006ರಲ್ಲಿ ಒಟ್ಟಾಗಿ ಪ್ರಕಟಿಸಿದ ಈ ಮಾದರಿಯಲ್ಲಿ ಚಿತ್ರವನ್ನು ಎಚ್.264 ವಿಧಾನದಲ್ಲಿ ಕುಗ್ಗಿಸಲಾಗುತ್ತದೆ. ಮಾಮೂಲಿ ಡಿವಿಡಿಯ ಎಂಪೆಗ್-2ಕ್ಕಿಂತ ಇದು ಕಡಿಮೆ ಜಾಗದಲ್ಲಿ ಹೆಚ್ಚು ವಿವರವನ್ನು ಉಳಿಸಿಕೊಳ್ಳುತ್ತದೆ. ನನ್ನ ಕ್ಯಾಮರಾ ಬರೆಯುವ ಚಿತ್ರ 1440×1080 ಅಳತೆಯದು. ನಮ್ಮ ಮಾಮೂಲಿ ಡಿವಿಡಿಯ ಚಿತ್ರ 720×576 ಮಾತ್ರ, ಅಂದರೆ ಚುಕ್ಕಿಗಳ ಲೆಕ್ಕದಲ್ಲಿ ನಾಲ್ಕು ಪಟ್ಟಿಗೆ ಹತ್ತಿರದ ಅಂತರವಿದೆ. ಅದೇ ಕಾಲದಲ್ಲಿ ಕ್ಯಾನನ್ ಎಚ್‌ಆರ್10, ಪ್ಯಾನಸೋನಿಕ್ ಎಚ್‌ಡಿಸಿ-ಡಿಎಕ್ಸ್1 ಇದೇ ದಾರಿಯಲ್ಲಿ ಬಂದವು. ಹಿಟಾಚಿ ಮಾತ್ರ 8 ಸೆಂಟಿಮೀಟರಿನ ಬ್ಲೂ-ರೇ ಡಿಸ್ಕ್ ಹಾಕುವ ಕ್ಯಾಮರಾ ಹೊರತಂದಿತು. ಆ ಡಿಸ್ಕಿಗೆ 7.5 ಗಿಗಾಬೈಟ್ ಹಿಡಿಯುತ್ತಿತ್ತು.

ನನ್ನ ಕ್ಯಾಮರಾದಲ್ಲಿ ಎಚ್‌ಡಿಗೆ ನಾಲ್ಕು ಗುಣಮಟ್ಟಗಳಿವೆ. ಎಲ್ಲಕ್ಕಿಂತ ಮೇಲಿನ ಎಕ್ಸ್‌ಪಿ ಸೆಕೆಂಡಿಗೆ ಸುಮಾರು 12 ಮೆಗಾಬಿಟ್ ಬಳಸುತ್ತದೆ, ಒಂದು ಪದರದ ಡಿಸ್ಕ್ 15 ನಿಮಿಷಕ್ಕೆ ತುಂಬುತ್ತದೆ. ಎಲ್ಲಕ್ಕಿಂತ ಕೆಳಗಿನ ಎಲ್‌ಪಿ ಸುಮಾರು 5 ಮೆಗಾಬಿಟ್ ಬಳಸುವುದರಿಂದ ಅದೇ ಡಿಸ್ಕ್ ಅರ್ಧ ಗಂಟೆ ದಾಟುತ್ತದೆ. ಡಿಸ್ಕ್ ಉಳಿಸಲು ಎಲ್‌ಪಿ ಆರಿಸಿಕೊಳ್ಳುವುದು ಸಹಜವೆನಿಸುತ್ತದೆ. ಬಯಲಿನಲ್ಲಿ, ಒಳ್ಳೆಯ ಬಿಸಿಲಿನಲ್ಲಿ, ಕದಲದೆ ಕುಳಿತವರನ್ನು ತೆಗೆಯುವಾಗ ಅದರಿಂದ ದೊಡ್ಡ ನಷ್ಟವೇನೂ ಆಗುವುದಿಲ್ಲ. ಆದರೆ ನನ್ನ ಕೆಲಸ ನಡೆಯುತ್ತಿದ್ದದ್ದು ಹೆಂಚಿನ ಮನೆಗಳ ನಡುಮನೆಯಲ್ಲಿ. ಬೆಳಕು ಕಡಿಮೆಯಾದಾಗ ಕ್ಯಾಮರಾ ತಾನಾಗಿಯೇ ಗೇನ್, ಅಂದರೆ ಚಿತ್ರದ ಸಂಕೇತವನ್ನು ಹಿಗ್ಗಿಸುವ ಪ್ರಮಾಣವನ್ನು, ಏರಿಸಿಕೊಳ್ಳುತ್ತದೆ, ಚಿತ್ರದ ಕಪ್ಪು ಭಾಗಗಳಲ್ಲೆಲ್ಲ ಕಾಳು ಕಾಳಾದ ಗದ್ದಲ ಎದ್ದು ಕುಣಿಯತೊಡಗುತ್ತದೆ. ಕುಗ್ಗಿಸುವ ವಿಧಾನಕ್ಕೆ ಆ ಗದ್ದಲ ಯಾವುದು, ಮುಖದ ಸುಕ್ಕು ಯಾವುದು ಎಂಬ ಭೇದ ಗೊತ್ತಿಲ್ಲದ ಕಾರಣ ಇರುವ ಬಿಟ್‌ಗಳನ್ನೆಲ್ಲ ಗದ್ದಲಕ್ಕೇ ಸುರಿದು, ಮುಖಕ್ಕೆ ಬೇಕಾದಷ್ಟು ಉಳಿಸುವುದಿಲ್ಲ. ಎಲ್‌ಪಿಯಲ್ಲಿ ಹೀಗೆ ತೆಗೆದ ಮುಖ, ಹಾಡುವವರು ತಲೆ ಅಲುಗಿಸಿದೊಡನೆ ಚೌಕ ಚೌಕವಾಗಿ ಒಡೆಯುತ್ತದೆ. ಆದ್ದರಿಂದ ಕತ್ತಲೆ ಹೆಚ್ಚಿದಷ್ಟೂ ಮೇಲಿನ ಗುಣಮಟ್ಟವೇ ಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ನಾನು ಮನೆಯೊಳಗೆ ಎಕ್ಸ್‌ಪಿ ಬಿಟ್ಟು ಬೇರೆ ಯಾವುದನ್ನೂ ಬಳಸುತ್ತಿರಲಿಲ್ಲ.

ಹದಿನೈದು ನಿಮಿಷವೆಂಬುದು ಕೇಳಲು ಬಹಳ ಕಡಿಮೆ. ಮಂಟೇಸ್ವಾಮಿ, ಮಲೆ ಮಾದೇಶ್ವರರ ಕಾವ್ಯವನ್ನು ರಾತ್ರಿಯಿಡೀ ಹಾಡುವ ನೀಲಗಾರರನ್ನೋ ದೇವರಗುಡ್ಡರನ್ನೋ ದಾಖಲಿಸುವವರಿಗೆ ಈ ಕ್ಯಾಮರಾ ಸಲ್ಲದು. ಕಥೆಯ ಓಟಕ್ಕೆ ಅಡ್ಡ ಬಂದು ಡಿಸ್ಕ್ ಬದಲಿಸುವುದು ಹಾಡುವವರಿಗೂ ಅಪಚಾರ, ದಾಖಲೆಗೂ ನಷ್ಟ. ಸೋಬಾನೆಯ ರೀತಿ ಬೇರೆ. ಅರಿಶಿನ ಹಚ್ಚುವಾಗಿನ ಪದ, ಧಾರೆಯ ಪದ, ಹೆಣ್ಣು ಒಪ್ಪಿಸುವ ಪದ ಹೀಗೆ ಒಂದೊಂದು ಶಾಸ್ತ್ರಕ್ಕೆ ಒಂದೊಂದು ಪದವಿದ್ದು, ಪದದಿಂದ ಪದಕ್ಕೆ ಹಾಡುವವರೇ ಬಿಡುವು ತೆಗೆದುಕೊಳ್ಳುತ್ತಾರೆ. ಎಲೆ ಅಡಿಕೆ ಹಾಕಿಕೊಂಡು, ಮುಂದಿನ ಪದ ಯಾವುದೆಂದು ಅವರವರಲ್ಲೇ ಮಾತಾಡಿಕೊಳ್ಳುವ ಆ ಹೊತ್ತಿನಲ್ಲಿ ನಾನು ಡಿಸ್ಕ್ ಬದಲಿಸುತ್ತಿದ್ದೆ. ಹೊಸ ಡಿಸ್ಕ್ ಹಾಕಿದ ಮೇಲೆ ಕ್ಯಾಮರಾ ಅದನ್ನು ಗುರುತಿಸಿ ಸಿದ್ಧಪಡಿಸಿಕೊಳ್ಳಲು ಸ್ವಲ್ಪ ಸಮಯ ಕೇಳುತ್ತದೆ. ಆಗ ಅಲುಗಿಸಬಾರದು. ದೀರ್ಘ ಪದ ಬರುವುದಿದೆಯೆಂದು ಮೊದಲೇ ಗೊತ್ತಿದ್ದರೆ ಎರಡು ಪದರದ ಡಿಸ್ಕ್ ಹಾಕುತ್ತಿದ್ದೆ. ಅದರಲ್ಲಿ ಎಕ್ಸ್‌ಪಿಯಲ್ಲೇ ಸುಮಾರು 27 ನಿಮಿಷ ಸಿಗುತ್ತದೆ. ಮೊದಲ ಪದರ ಮುಗಿದು ಎರಡನೆಯದಕ್ಕೆ ದಾಟುವ ಜಾಗದಲ್ಲಿ, ನೋಡುವಾಗ ಚಿತ್ರ ಕ್ಷಣ ಮಾತ್ರ ತಡೆದು ಮುಂದೆ ಸಾಗಬಹುದು.

ಡಿಸ್ಕ್ ಹಾಕಿದೊಡನೆ ಈ ಕ್ಯಾಮರಾ ಕೇಳುವ ಮೊದಲ ಪ್ರಶ್ನೆ, ಎಚ್‌ಡಿಯೋ ಎಸ್‌ಡಿಯೋ (ಮಾಮೂಲಿ ಡಿವಿಡಿಯ ಅಳತೆಯ ಚಿತ್ರವೋ) ಎಂಬುದು. ಒಂದೇ ಡಿಸ್ಕಿನಲ್ಲಿ ಎರಡನ್ನೂ ಬೆರೆಸುವಂತಿಲ್ಲ. ಎಸ್‌ಡಿಯಲ್ಲಿ ತೆಗೆದರೆ ಅದು ಮನೆಮನೆಯ ಡಿವಿಡಿ ಪ್ಲೇಯರಿನಲ್ಲಿ ಓಡುವ ಸಾಮಾನ್ಯ ಡಿವಿಡಿಯಾಗುತ್ತದೆ. ಎಚ್‌ಡಿಯಲ್ಲಿ ತೆಗೆದರೆ ಡಿಸ್ಕ್ ನೋಡಲು ಅದೇ ಡಿವಿಡಿಯಾದರೂ ಒಳಗಿರುವುದು ಎವಿಸಿಎಚ್‌ಡಿ ಆಗಿರುವುದರಿಂದ ಮಾಮೂಲಿ ಪ್ಲೇಯರ್ ಅದನ್ನು ಓದಲಾರದು; ಹಾಕಿದರೆ ಡಿಸ್ಕ್ ಹೊರಬಾರದೆ ಒಳಗೇ ಉಳಿಯುವ ಸಂಭವವೂ ಇದೆ. ಅದನ್ನು ಓಡಿಸಲು ಎವಿಸಿಎಚ್‌ಡಿ ಬಲ್ಲ ಬ್ಲೂ-ರೇ ಪ್ಲೇಯರೋ ಪ್ಲೇಸ್ಟೇಷನ್ 3 ತರಹದ ಯಂತ್ರವೋ ಬೇಕು. ಹಳ್ಳಿಯಲ್ಲಿ ಇದು ಸಣ್ಣ ವಿಷಯವಲ್ಲ. ಹಾಡು ಮುಗಿಸಿದ ಪ್ರತಿಯೊಬ್ಬ ತಾಯಿಯೂ ಒಂದೇ ಮಾತು ಕೇಳುತ್ತಿದ್ದರು: “ಇದ್ನ ನಮ್ಮನೆ ಟಿವೀಲಿ ಹಾಕ್ಕಂಡು ನೋಡ್ಬೋದಾ ಮಗಾ?” ತಮ್ಮ ಹಾಡನ್ನು ಕೊಟ್ಟವರಿಗೆ ಆ ಹಾಡು ಮರಳಿ ಸಿಗಬೇಕಾದದ್ದು ನ್ಯಾಯ.

ಇದಕ್ಕೆ ನಾನು ಕಂಡುಕೊಂಡ ದಾರಿ ಹೀಗಿತ್ತು. ಮೂಲವನ್ನು ಯಾವಾಗಲೂ ಎಚ್‌ಡಿಯಲ್ಲೇ ತೆಗೆಯುವುದು. ಆಮೇಲೆ ಕ್ಯಾಮರಾದ ಎವಿ ಕೇಬಲನ್ನು ಮನೆಯಲ್ಲಿದ್ದ ಡಿವಿಡಿ ರೆಕಾರ್ಡರಿಗೆ ಜೋಡಿಸಿ, ಕ್ಯಾಮರಾದಲ್ಲಿ ಎಚ್‌ಡಿ ಡಿಸ್ಕ್ ಓಡಿಸುವುದು. ಆ ಕೇಬಲಿನಲ್ಲಿ ಹೊರಡುವ ಚಿತ್ರ ತಾನಾಗಿಯೇ ಸಾಮಾನ್ಯ ಅಳತೆಗೆ ಇಳಿದಿರುತ್ತದೆ, ರೆಕಾರ್ಡರ್ ಅದನ್ನು 12 ಸೆಂಟಿಮೀಟರಿನ ಮಾಮೂಲಿ ಡಿವಿಡಿಯಾಗಿ ಬರೆದುಕೊಳ್ಳುತ್ತದೆ. ಹಾಡು ಎಷ್ಟು ಹೊತ್ತಿನದೋ ಅಷ್ಟೂ ಹೊತ್ತು ಹಿಡಿಯುವ ಕೆಲಸವಿದು, ಆದರೆ ಕಂಪ್ಯೂಟರಿನ ಗೊಡವೆಯಿಲ್ಲ. ನಾಲ್ಕಾರು ಚಿಕ್ಕ ಡಿಸ್ಕುಗಳ ಪದಗಳೆಲ್ಲ ಒಂದೇ ದೊಡ್ಡ ಡಿಸ್ಕಿಗೆ ಸೇರುವುದರಿಂದ ಮನೆಯವರಿಗೂ ಅನುಕೂಲ. ಎಸ್‌ಡಿಯಲ್ಲಿ ತೆಗೆದದ್ದನ್ನು ಮುಂದೆಂದೂ ಎಚ್‌ಡಿ ಮಾಡಲಾಗದು, ಎಚ್‌ಡಿಯಿಂದ ಎಸ್‌ಡಿ ಯಾವಾಗ ಬೇಕಾದರೂ ಪಡೆಯಬಹುದು. ಆ ಕಾರಣಕ್ಕೇ ಎಸ್‌ಡಿ ಆಯ್ಕೆಯನ್ನು ನಾನು ಮುಟ್ಟಲೇ ಇಲ್ಲ.

ಡಿಸ್ಕಿನ ಬಗೆಗಳಲ್ಲಿ ಡಿವಿಡಿ-ಆರ್ ಒಮ್ಮೆ ಬರೆದರೆ ಮುಗಿಯಿತು. ಡಿವಿಡಿ-ಆರ್‌ಡಬ್ಲ್ಯು ಮತ್ತು ಡಿವಿಡಿ+ಆರ್‌ಡಬ್ಲ್ಯು ಅಳಿಸಿ ಮತ್ತೆ ಬರೆಯುವಂಥವು. ಹಾಡುವವರ ಸ್ಥಾನ, ಬೆಳಕು, ಧ್ವನಿ ಸರಿಯಿದೆಯೇ ಎಂದು ಪರೀಕ್ಷಿಸಲು ಒಂದು ಆರ್‌ಡಬ್ಲ್ಯು ಸದಾ ಚೀಲದಲ್ಲಿರುತ್ತಿತ್ತು. ಉಳಿಸಿಕೊಳ್ಳಬೇಕಾದದ್ದಕ್ಕೆಲ್ಲ ಡಿವಿಡಿ-ಆರ್.

ಚಿತ್ರದ ವಿಷಯಕ್ಕೆ ಬಂದರೆ, 3.5 ಇಂಚಿನ ಪರದೆಯನ್ನು ಬೆರಳಿನಿಂದ ಮುಟ್ಟಿ ಬೆಳಕನ್ನು ಅಳೆಯುವ ಸ್ಪಾಟ್ ಮೀಟರ್ ನನಗೆ ಎಲ್ಲಕ್ಕಿಂತ ಹೆಚ್ಚು ನೆರವಾದ ಸೌಲಭ್ಯ. ಹಳ್ಳಿಯ ಮನೆಗಳಲ್ಲಿ ಹೆಂಗಸರು ಹಾಡಲು ಕೂರುವುದು ಸಾಮಾನ್ಯವಾಗಿ ಬಾಗಿಲ ಬಳಿ, ಹೊರಗಿನ ಬೆಳಕಿಗೆ ಬೆನ್ನು ಮಾಡಿ. ಕ್ಯಾಮರಾದ ಸ್ವಯಂಚಾಲಿತ ಲೆಕ್ಕ ಬಾಗಿಲಾಚೆಯ ಬಿಸಿಲನ್ನು ಸರಿಪಡಿಸಲು ಹೋಗಿ ಮುಖವನ್ನು ಕಪ್ಪು ಮಾಡುತ್ತದೆ. ಪರದೆಯ ಮೇಲೆ ಅಜ್ಜಿಯ ಕೆನ್ನೆಯ ಜಾಗವನ್ನು ಒಮ್ಮೆ ಮುಟ್ಟಿದರೆ ಸಾಕು, ಹಿಂದಿನ ಬಾಗಿಲು ಬೆಳ್ಳಗೆ ಉರಿದುಹೋದರೂ ಹಣೆಯ ಕುಂಕುಮ, ಮೂಗುಬೊಟ್ಟಿನ ಕಲ್ಲು, ಸೊಲ್ಲು ಎಳೆಯುವಾಗ ಕುತ್ತಿಗೆಯಲ್ಲಿ ಬಿಗಿಯುವ ನರ ಎಲ್ಲವೂ ತಿಳಿಯಾಗಿ ಮೂಡುತ್ತವೆ. ಅಳತೆ ಅಲ್ಲಿಗೇ ನಿಲ್ಲುವುದರಿಂದ, ಮಧ್ಯೆ ಯಾರಾದರೂ ಬಿಳಿ ಸೀರೆಯುಟ್ಟವರು ಹಾದುಹೋದರೂ ಚಿತ್ರ ಮಿಣುಕುವುದಿಲ್ಲ. ಬ್ಯಾಕ್‌ಲೈಟ್ ಗುಂಡಿಯೂ ಇದೇ ಉದ್ದೇಶದ್ದಾದರೂ ಅದು ಇಡೀ ಚಿತ್ರವನ್ನು ಒಂದೇ ಪ್ರಮಾಣದಲ್ಲಿ ಎತ್ತುತ್ತದೆ. ನಡುಮನೆಯಲ್ಲಿ ಹಳದಿ ಬಲ್ಬು, ಬಾಗಿಲಿನಿಂದ ಹಗಲ ಬೆಳಕು ಎರಡೂ ಸೇರಿದಾಗ ಬಣ್ಣದ ಲೆಕ್ಕ ಕ್ಯಾಮರಾಗೆ ಹದಗೆಡುತ್ತದೆ. ಹಾಡುವವರು ಕುಳಿತ ಜಾಗದಲ್ಲಿ ಒಂದು ಬಿಳಿ ಹಾಳೆ ಹಿಡಿದು ವೈಟ್ ಬ್ಯಾಲೆನ್ಸನ್ನು ಕೈಯಿಂದ ಹೊಂದಿಸಿಕೊಂಡರೆ ಚರ್ಮದ ಬಣ್ಣ ಇದ್ದಂತೆಯೇ ಬರುತ್ತದೆ.

ಧ್ವನಿಯನ್ನು ಈ ಕ್ಯಾಮರಾ 5.1 ವಾಹಿನಿಗಳಲ್ಲಿ, ಅಂದರೆ ಸುತ್ತಲಿನ ದನಿಗಳನ್ನು ದಿಕ್ಕಿಗೆ ತಕ್ಕಂತೆ ಬೇರ್ಪಡಿಸಿ, ಡಾಲ್ಬಿ ಡಿಜಿಟಲ್ ಮಾದರಿಯಲ್ಲಿ ದಾಖಲಿಸುತ್ತದೆ. ಮನೆಯ ವಿಡಿಯೊಗೆ ಇದು ಅತಿಯೆಂದು ಹೇಳುವವರಿದ್ದಾರೆ. ಸೋಬಾನೆಯ ಮಟ್ಟಿಗೆ ನಾನು ಒಪ್ಪುವುದಿಲ್ಲ. ಒಬ್ಬರು ಸೊಲ್ಲು ಎತ್ತಿ ಉಳಿದವರು ಅದನ್ನು ಮರುಕಳಿಸುವ ಹಾಡುಗಾರಿಕೆಯಲ್ಲಿ, ಎಲ್ಲರೂ ಸುತ್ತ ಕುಳಿತಿರುವಾಗ ಕ್ಯಾಮರಾವನ್ನು ಅವರ ನಡುವೆಯೇ ಇಟ್ಟರೆ ಮುಂದಿನ ದನಿ ಮುಂದೆ, ಹಿಂದಿನ ದನಿ ಹಿಂದೆ ಉಳಿಯುತ್ತದೆ. ಯಾರ ದನಿ ಎಲ್ಲಿಂದ ಸೇರಿಕೊಂಡಿತು ಎಂಬುದನ್ನು ಆಮೇಲೆ ಕೇಳಿ ಬಿಡಿಸಬಹುದು. ಎತ್ತರದ ಕಂಠದವರಿದ್ದಾಗ ಮೈಕಿನ ಮಟ್ಟವನ್ನು ಮೆನುವಿನಲ್ಲಿ ತಗ್ಗಿಸಿಕೊಳ್ಳುವುದು ಒಳ್ಳೆಯದು. ಆದರೆ ಡಿಸ್ಕ್ ಕ್ಯಾಮರಾ ಯಾವುದೇ ಆದರೂ ಒಳಗೆ ಡಿಸ್ಕ್ ತಿರುಗುವ ಸಣ್ಣ ಸದ್ದು ಇದ್ದೇ ಇರುತ್ತದೆ. ಗುಂಪು ಹಾಡುವಾಗ ಅದು ಕೇಳಿಸದು, ಒಬ್ಬಳೇ ಮುದುಕಿ ಮೆಲುದನಿಯಲ್ಲಿ ಗುನುಗುವಾಗ ಕೇಳಿಸುತ್ತದೆ. ಅಂಥ ಕಡೆ ಒಂದು ಪ್ರತ್ಯೇಕ ಧ್ವನಿ ರೆಕಾರ್ಡರನ್ನು ಹಾಡುವವರ ಮಡಿಲ ಹತ್ತಿರ ಇಟ್ಟು, ಶುರುವಿನಲ್ಲಿ ಒಂದು ಚಪ್ಪಾಳೆ ತಟ್ಟುತ್ತಿದ್ದೆ. ಆ ಚಪ್ಪಾಳೆಯನ್ನು ಗುರುತಾಗಿಟ್ಟುಕೊಂಡು ಎರಡನ್ನೂ ಆಮೇಲೆ ಕೂಡಿಸುವುದು ಸುಲಭ.

ಹತ್ತು ಪಟ್ಟಿನ ಆಪ್ಟಿಕಲ್ ಝೂಮ್ ಬೇಕಾದಷ್ಟಾಯಿತು. ಕತ್ತಲೆಯಲ್ಲಿ ಹಸಿರಾಗಿ ಕಾಣಿಸುವ ನೈಟ್‌ಶಾಟ್ ಇಂಥ ದಾಖಲೆಗೆ ಬೇಡ. 3 ಸೆಕೆಂಡಿನ ಚಲನೆಯನ್ನು 12 ಸೆಕೆಂಡಿಗೆ ಹಿಗ್ಗಿಸಿ ಬರೆಯುವ ನಿಧಾನ ಚಲನೆಯ ಸೌಲಭ್ಯ ಮಾತ್ರ, ರಾಗಿ ಬೀಸುವ ಪದಗಳನ್ನು ದಾಖಲಿಸುವಾಗ ಗೂಟ ಹಿಡಿದ ಕೈ ಬದಲಾಗುವ ಬಗೆಯನ್ನು ತೋರಿಸಲು ಚೆನ್ನಾಗಿ ಒದಗಿತು.

ಇನ್ನು ಫೈನಲೈಸ್. ಡಿಸ್ಕಿಗೆ ಈ ಕೊನೆಯ ಮುದ್ರೆ ಬೀಳುವವರೆಗೆ ಬೇರೆ ಯಂತ್ರಗಳು ಅದನ್ನು ಓದಬಲ್ಲವೆಂದು ನಂಬುವಂತಿಲ್ಲ. ಕ್ಯಾಮರಾ ಕೆಟ್ಟರೆ ಅದರಲ್ಲಿ ತೆಗೆದ, ಫೈನಲೈಸ್ ಆಗದ ಡಿಸ್ಕುಗಳೂ ಕೈತಪ್ಪುವ ಅಪಾಯವಿದೆ. ಆದ್ದರಿಂದ ಅದನ್ನು ಅಂದಂದೇ ಮುಗಿಸಬೇಕು. ಈ ಕೆಲಸಕ್ಕೆ ಬ್ಯಾಟರಿ ಸಾಲದು, ಕರೆಂಟಿಗೆ ಜೋಡಿಸಬೇಕು. ನಡುವೆ ಕರೆಂಟು ಹೋಗುವ ಭಯವಿರುವ ಊರಿನಲ್ಲಿ ನಾನು ಫೈನಲೈಸ್ ಮಾಡದೆ ಮನೆಗೆ ಬಂದು ಯುಪಿಎಸ್ ಮೇಲೆ ಮಾಡುತ್ತಿದ್ದೆ. ಗಮನಿಸಬೇಕಾದ ಇನ್ನೊಂದು ಸಂಗತಿಯೆಂದರೆ, ಡಿಸ್ಕಿನಲ್ಲಿ ಕಡಿಮೆ ಬರೆದಿದ್ದಷ್ಟೂ ಫೈನಲೈಸ್‌ಗೆ ಹೆಚ್ಚು ಹೊತ್ತು ಹಿಡಿಯುತ್ತದೆ. ಎರಡು ನಿಮಿಷದ ಪದವೊಂದನ್ನೇ ಬರೆದು ಡಿಸ್ಕ್ ಮುಚ್ಚುವುದಕ್ಕಿಂತ, ಅದೇ ಮನೆಯ ಅಂಗಳ, ಬೀಸುವ ಕಲ್ಲು, ಹಾಡಿದವರು ತಮ್ಮ ಹೆಸರು ಮತ್ತು ತವರೂರು ಹೇಳುವ ಮಾತು ಇವುಗಳನ್ನು ಸೇರಿಸಿ ಡಿಸ್ಕ್ ತುಂಬಿಸಿದರೆ ಸಮಯವೂ ಉಳಿಯುತ್ತದೆ, ದಾಖಲೆಯೂ ಪೂರ್ಣವಾಗುತ್ತದೆ. ಡಿವಿಡಿ-ಆರ್ ಅನ್ನು ಫೈನಲೈಸ್ ಮಾಡಿದ ಮೇಲೆ ಅದಕ್ಕೆ ಏನನ್ನೂ ಸೇರಿಸಲಾಗದು.

ಹಳೆಯ ಡಿಸ್ಕುಗಳನ್ನು ಇಟ್ಟುಕೊಂಡವರು ಈಗ ಮಾಡಬೇಕಾದ ಕೆಲಸವೆಂದರೆ ಅವುಗಳನ್ನು ಹಾರ್ಡ್ ಡಿಸ್ಕಿಗೆ ನಕಲಿಸುವುದು. ಬರೆಯುವ ಡಿವಿಡಿಯ ಬಣ್ಣದ ಪದರ ಬಿಸಿಲು, ಸೆಕೆ, ತೇವಕ್ಕೆ ಕಾಲಕ್ರಮದಲ್ಲಿ ಹಾಳಾಗುತ್ತದೆ. ಕಂಪ್ಯೂಟರಿನ ಡಿವಿಡಿ ಡ್ರೈವ್ ತಟ್ಟೆ ಹೊರಬರುವ ಬಗೆಯದಾಗಿದ್ದರೆ, ತಟ್ಟೆಯ ನಡುವಿನ ಚಿಕ್ಕ ತಗ್ಗಿನಲ್ಲಿ 8 ಸೆಂಟಿಮೀಟರಿನ ಡಿಸ್ಕ್ ಸರಿಯಾಗಿ ಕೂರುತ್ತದೆ. ಸೀಳಿನೊಳಗೆ ನೂಕುವ ಬಗೆಯ ಡ್ರೈವಿಗೆ ಇದನ್ನು ಹಾಕಲೇಬಾರದು, ಒಳಗೆ ಸಿಕ್ಕಿಕೊಳ್ಳುತ್ತದೆ. ಡ್ರೈವ್ ಇಲ್ಲದಿದ್ದರೆ ಕ್ಯಾಮರಾವನ್ನೇ ಯುಎಸ್‌ಬಿ ಕೇಬಲಿನಿಂದ ಜೋಡಿಸಬಹುದು. ಡಿಸ್ಕ್ ತೆರೆದಾಗ ಕಾಣುವ ಬಿಡಿಎಂವಿ ಎಂಬ ಕಡತಕೋಶವನ್ನು ಇಡಿಯಾಗಿ ನಕಲಿಸಿಕೊಳ್ಳಿ, ಅದರೊಳಗಿನ ಸ್ಟ್ರೀಮ್ ಕೋಶದ ವಿಡಿಯೊಗಳನ್ನು ಮಾತ್ರ ಎತ್ತಿಕೊಳ್ಳಬೇಡಿ. ದೃಶ್ಯಗಳ ಅನುಕ್ರಮದ ಮಾಹಿತಿ ಪಕ್ಕದ ಕೋಶಗಳಲ್ಲಿರುತ್ತದೆ. ಪ್ರತಿ ಡಿಸ್ಕಿಗೂ ಊರು, ಹಾಡಿದವರು, ಪದದ ಮೊದಲ ಸೊಲ್ಲು ಇವುಗಳ ಹೆಸರಿನ ಬೇರೆ ಬೇರೆ ಕೋಶ ಮಾಡಿ ಅದರೊಳಗೆ ಇಡಬೇಕು, ಏಕೆಂದರೆ ಎಲ್ಲ ಡಿಸ್ಕುಗಳಲ್ಲೂ ಒಳಗಿನ ಕೋಶದ ಹೆಸರು ಒಂದೇ ಆಗಿರುವುದರಿಂದ ಒಂದರ ಮೇಲೊಂದು ಬಿದ್ದು ಅಳಿಸಿಹೋಗುವ ಸಂಭವವಿದೆ. ನಕಲಾದ ಮೇಲೆ ಪ್ರತಿಯೊಂದನ್ನೂ ವಿಎಲ್‌ಸಿ ಎಂಬ ವಿಡಿಯೊ ನೋಡುವ ತಂತ್ರಾಂಶದಲ್ಲಿ ಮೊದಲಿನಿಂದ ಕೊನೆಯವರೆಗೆ ಓಡಿಸಿ ನೋಡಿ, ಎರಡನೆಯ ಹಾರ್ಡ್ ಡಿಸ್ಕಿಗೂ ಒಂದು ಪ್ರತಿ ಹಾಕಿ, ಆಮೇಲೆ ಮೂಲ ಡಿಸ್ಕನ್ನು ಕತ್ತಲೆಯ, ಒಣಗಿದ ಜಾಗದಲ್ಲಿ ನಿಲ್ಲಿಸಿ ಇಡಿ.