ಹಬ್ಬದ ಲೆಕ್ಕ ಹಿಡಿದು ಸ್ಯಾಕ್ಸನ್ ಯುದ್ಧ ಪಾಠ ಮಾಡಿದ್ದು

ಫ್ರಾಂಕರ ರಾಜ ಷಾರ್ಲ್‌ಮೇನ್ ಇಂದಿನ ಉತ್ತರ ಜರ್ಮನಿಯಲ್ಲಿದ್ದ, ಆಗಿನ್ನೂ ಕ್ರೈಸ್ತರಾಗದ ಸ್ಯಾಕ್ಸನರ ಮೇಲೆ ಮಾಡಿದ ಯುದ್ಧ ಪಾಠ ಮಾಡುವುದು ಎಂಥ ತಲೆನೋವು ಅಂತ ನಿಮಗೇ ಗೊತ್ತು. 772ರಿಂದ 804ರವರೆಗೆ ಅದೇ ಕಥೆ: ಗೆದ್ದ, ದೀಕ್ಷಾಸ್ನಾನ ಮಾಡಿಸಿ ಕ್ರೈಸ್ತರನ್ನಾಗಿಸಿದ, ಅವರು ದಂಗೆ ಎದ್ದರು, ಮತ್ತೆ ಹೋದ. ಮೊದಲು ದಂಡಯಾತ್ರೆಗಳಿಗೆಲ್ಲ ಬಾಣ ಎಳೆದು ಫ್ಲೆಕ್ಸ್ ಹೊಡೆಸಿದೆ. ಸಾವಿರದ ಎಂಟುನೂರು ರೂಪಾಯಿಯೋ ಏನೋ ಆಯಿತು. ಗೋಡೆಗೆ ಹಾಕಿದರೆ ಶಾವಿಗೆ ಚೆಲ್ಲಿದ ಹಾಗಿತ್ತು.

ಆಮೇಲೆ ಯುದ್ಧ ಬಿಟ್ಟು ಹಬ್ಬ ಹಿಡಿದೆ. ರಾಜ ಕ್ರಿಸ್‌ಮಸ್, ಈಸ್ಟರ್ ಎಲ್ಲಿ ಮಾಡಿದ ಅಂತ ಫ್ರಾಂಕರ ರಾಜವಾರ್ಷಿಕಗಳಲ್ಲಿ, ಅಂದರೆ ವರ್ಷವಾರು ಬರೆದಿಟ್ಟ ದಾಖಲೆಯಲ್ಲಿ, ಹೆಚ್ಚುಕಡಿಮೆ ಪ್ರತಿವರ್ಷ ಇರುತ್ತದೆ. ನಾವು ಆ ಸಾಲು ಹಾರಿಸಿಬಿಡುತ್ತೇವೆ, ಅಲ್ವಾ? ಕ್ಯೂಜಿಐಎಸ್ ಅನ್ನೋ ನಕ್ಷೆ ಸಾಫ್ಟ್‌ವೇರಿನಲ್ಲಿ ವರ್ಷಕ್ಕೆ ಎರಡು ಚುಕ್ಕಿ ಇಟ್ಟೆ. ವಾರ್ಷಿಕ ಬರೆದವರಿಗೆ ಕ್ರಿಸ್‌ಮಸ್ಸಿಗೇ ಹೊಸ ವರ್ಷ, ಅದನ್ನು ನೋಡಿಕೊಂಡು ಇಡಿ. ಖರ್ಚು ಅನುವಾದದ ಪುಸ್ತಕಕ್ಕೆ ಮಾತ್ರ, ಮೂರು ಸಾವಿರದ ಹತ್ತಿರ. "ಇದು ಇತಿಹಾಸ ಅಲ್ಲ ಸಾರ್, ಪಂಚಾಂಗ" ಅಂತ ಸ್ಟಾಫ್ ರೂಮಿನಲ್ಲಿ ನಕ್ಕರು.

772ರಲ್ಲಿ ರಾಜ ಸ್ಯಾಕ್ಸನರ ಪವಿತ್ರ ಕಂಬ ಇರ್ಮಿನ್‌ಸುಲ್ ಕಡಿಸಿ, ಅಲ್ಲಿನ ಚಿನ್ನ ಬೆಳ್ಳಿ ಹೊತ್ತುಕೊಂಡು ಬಂದ. ಕ್ರಿಸ್‌ಮಸ್ ತನ್ನ ನೆಲದ ಹೆರ್‌ಸ್ಟಾಲ್‌ನಲ್ಲಿ. 777ರಲ್ಲಿ ಸ್ಯಾಕ್ಸನಿಯ ಪಾಡರ್‌ಬಾರ್ನ್‌ನಲ್ಲಿ ಗುಂಪು ಗುಂಪಾಗಿ ದೀಕ್ಷಾಸ್ನಾನ. ಸ್ಯಾಕ್ಸನರ ನಾಯಕ ವಿಡುಕಿಂಡ್ ಮಾತ್ರ ಡೇನರ ಕಡೆ ಓಡಿದ್ದ. 782ರಲ್ಲಿ ವೆರ್ಡನ್‌ನಲ್ಲಿ 4,500 ಸ್ಯಾಕ್ಸನರ ತಲೆ ಕಡಿಸಿದ ಅನ್ನುತ್ತದೆ ವಾರ್ಷಿಕ. ಕ್ರಿಸ್‌ಮಸ್ಸಿಗೆ ತಿಯೋನ್‌ವಿಲ್, ಅಂದರೆ ವಾಪಸ್ ತನ್ನ ನೆಲಕ್ಕೆ. 784ರ ಕ್ರಿಸ್‌ಮಸ್ ಮಾತ್ರ ಸ್ಯಾಕ್ಸನಿಯೊಳಗೇ, ಲ್ಯೂಗ್ಡೆಯಲ್ಲಿ. ಆಮೇಲೆ ಹೆಂಡತಿ ಮಕ್ಕಳನ್ನು ಎರೆಸ್‌ಬುರ್ಗ್ ಕೋಟೆಗೆ ಕರೆಸಿಕೊಂಡ, ಈಸ್ಟರ್ ಅಲ್ಲೇ. ಅದೇ 785ರಲ್ಲಿ ವಿಡುಕಿಂಡ್ ಫ್ರಾಂಕರ ನೆಲದ ಅಟಿನ್ಯಿಗೆ ಬಂದು ದೀಕ್ಷಾಸ್ನಾನ ತಗೊಂಡ. ಕತ್ತಿ, ನೀರು ಎರಡೂ ಮೊದಲೇ ಬಂದಿದ್ದವು. ರಾಜನ ಸಂಸಾರ ಚಳಿಗಾಲ ಕಳೆದ ಮೇಲೇ ರಾಜ್ಯ ಬಂದದ್ದು. ನಾನು ಬಾಯಿ ಬಿಡುವ ಮೊದಲೇ ಹಿಂದಿನ ಬೆಂಚಿನ ಹುಡುಗಿ ಇದನ್ನು ಹೇಳಿದಳು! ನಕ್ಕವರೇ ಈಗ ಫೈಲ್ ಕೇಳುತ್ತಿದ್ದಾರೆ. ಕೊಡುತ್ತೇನೆ. ಊರು ಗುರುತು ಸಿಗದ ವರ್ಷಗಳನ್ನು ಹೇಗೆ ತುಂಬಿಸಿದೆ ಅನ್ನೋದು ಮಾತ್ರ ಸದ್ಯಕ್ಕೆ ನನ್ನ ಹತ್ರಾನೇ ಇರಲಿ.

ಸುಮ್ನೆ ಇದನ್ನೇ ರಾಷ್ಟ್ರಕೂಟರ ತಾಮ್ರಶಾಸನಗಳಿಗೂ ಹಾಕಿ ನೋಡಿದೆ, ಕಾಲ ಒಂದೇ ಅಲ್ವಾ ಅಂತ. ಬೀಡಿನ ಹೆಸರು, ತಿಥಿ ಸಿಗುತ್ತವೆ. ವರ್ಷವರ್ಷದ ಸರಪಳಿ ಸಿಗುವುದಿಲ್ಲ. ಬಿಟ್ಟೆ.

ದುಡ್ಡಿನ ವಿಷಯಕ್ಕೆ ಈ ನಕ್ಷೆ ಸಾಲದು. ಸ್ಯಾಕ್ಸನರ ಮೇಲೆ ಷಾರ್ಲ್‌ಮೇನ್ ಹೇರಿದ ಕಾನೂನಿನಲ್ಲಿ, ಮಗುವಿಗೆ ವರ್ಷದೊಳಗೆ ದೀಕ್ಷಾಸ್ನಾನ ಮಾಡಿಸದಿದ್ದರೆ ಕುಲೀನನಿಗೆ 120 ಸಾಲಿಡಸ್ (ಆಗಿನ ಹಣದ ಲೆಕ್ಕ) ದಂಡ, ಸ್ವತಂತ್ರನಿಗೆ 60, ಅರೆಸ್ವತಂತ್ರನಿಗೆ 30. ಅದು ಹೋಗುತ್ತಿದ್ದದ್ದು ರಾಜನ ಬೊಕ್ಕಸಕ್ಕೆ. ಚರ್ಚಿಗೆ ಹತ್ತರಲ್ಲೊಂದು ಪಾಲು ಬೇರೆ. ಈ ವಸೂಲಿಯೇ ಸ್ಯಾಕ್ಸನರ ನಂಬಿಕೆ ಕೆಡಿಸಿತು ಅಂತ 796ರಲ್ಲಿ ರಾಜನ ಆಪ್ತ ವಿದ್ವಾಂಸ ಆಲ್ಕ್ವಿನ್ ಪತ್ರ ಬರೆದ. ಮರುವರ್ಷ ಕಾನೂನು ಸಡಿಲವಾಯಿತು, ರಾಜನ ಕ್ರಿಸ್‌ಮಸ್ ಮತ್ತೆ ಸ್ಯಾಕ್ಸನಿಯಲ್ಲಿ, ವೇಸರ್ ನದಿ ದಂಡೆಯ ಹೆರ್‌ಸ್ಟೆಲ್ಲೆಯಲ್ಲಿ. ಮುಂದಿನ ಸೆಮಿಸ್ಟರಿಗೆ ದಂಡದ್ದೇ ಒಂದು ಲೇಯರ್ ಹಾಕಬೇಕು.